ಅಕೌಂಟ್ಸ್ ಓದು, ಅಕೌಂಟ್ಸ್ ಕೆಲಸ: ಹಾಸನ, ಚಿಕ್ಕಮಗಳೂರು ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರ ಅಪ್ಪ-ಅಮ್ಮಂದಿರು ಕೇಳುತ್ತಾರೆ. ಮಾರ್ಚ್ ಕೊನೆಗೆ ಅಂಗಡಿಯವರು, ತೋಟದವರು ಕೇಳುತ್ತಾರೆ. ನಡುವೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ-ಹುಡುಗಿಯರು ಮೆಲ್ಲಗೆ ಕೇಳುತ್ತಾರೆ. ವರ್ಷ ವರ್ಷವೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ, ಸುಲಭದ್ದು ಮೊದಲು.

## ಸೇರುವ ಮುಂಚೆ

ನನ್ನ ಮಗಳಿಗೆ ಗಣಿತ ಅಂದ್ರೆ ಭಯ. ಕಾಮರ್ಸ್ ಸೇರಿಸಿದ್ರೆ ತಪ್ಪಾಗುತ್ತಾ?

ಆಗಲ್ಲ. ಲೆಕ್ಕಶಾಸ್ತ್ರದಲ್ಲಿ ಬರುವ ಗಣಿತ ಎಂದರೆ ಕೂಡುವುದು, ಕಳೆಯುವುದು, ಶೇಕಡಾ, ಅನುಪಾತ, ಬಡ್ಡಿ. ಪಾಲುದಾರಿಕೆಯ ಪಾಠದಲ್ಲಿ ಒಂದಿಷ್ಟು ಭಿನ್ನರಾಶಿ ಬರುತ್ತದೆ, ಅಷ್ಟೆ. ಮಕ್ಕಳು ಎಡವುವುದು ಅಲ್ಲಿ ಅಲ್ಲ, ಪ್ರಶ್ನೆ ಓದುವುದರಲ್ಲಿ. "ಬಾಡಿಗೆ 12,000 ಕೊಟ್ಟಿದೆ, ಇದರಲ್ಲಿ ಮುಂದಿನ ವರ್ಷದ್ದು 3,000 ಸೇರಿದೆ" ಎಂದು ಓದಿದ ಕೂಡಲೇ ಈ ವರ್ಷದ ಖರ್ಚು 9,000 ಎಂದೂ, ಮಿಕ್ಕ 3,000 ಆಸ್ತಿಯ ಕಡೆಗೆ ಹೋಗಬೇಕೆಂದೂ ಹೊಳೆಯಬೇಕು. ಕಳೆಯುವುದು ಎರಡನೇ ಕ್ಲಾಸಿನವರಿಗೂ ಬರುತ್ತದೆ. ಯಾಕೆ ಕಳೆಯಬೇಕು, ಕಳೆದದ್ದನ್ನು ಎಲ್ಲಿಡಬೇಕು ಎನ್ನುವುದೇ ಈ ವಿದ್ಯೆ.

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾಡುವ ಆಸೆಯಿದ್ದರೆ ಮಾತ್ರ ಸ್ವಲ್ಪ ಎಚ್ಚರ. ಅದರ ಮೊದಲ ಹಂತದ ಪರೀಕ್ಷೆ ಫೌಂಡೇಶನ್ನಿನ ಮೂರನೇ ಪತ್ರಿಕೆ 100 ಅಂಕದ್ದು: ವ್ಯವಹಾರ ಗಣಿತಕ್ಕೆ 40, ತರ್ಕಕ್ಕೆ 20, ಸಂಖ್ಯಾಶಾಸ್ತ್ರಕ್ಕೆ 40. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಭಯ ಇರುವವರು ಪಿಯುಸಿಯಲ್ಲೇ ದಿನಕ್ಕೆ ಅರ್ಧ ಗಂಟೆ ಅದಕ್ಕೆ ಇಟ್ಟುಕೊಂಡರೆ ಸಾಕು.

ಸೈನ್ಸ್ ಸೀಟು ಸಿಗದವರು ತಾನೇ ಕಾಮರ್ಸ್ ತಗೊಳೋದು?

ನೆಂಟರ ಮದುವೆಮನೆಯಲ್ಲಿ ಕೇಳುವ ಮಾತು. ಸಿಎ ಫೌಂಡೇಶನ್ ಅನ್ನು ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಬರೆಯಬಹುದು, ಸೈನ್ಸ್‌ನವರೂ ಬರೆಯುತ್ತಾರೆ.

ಕನ್ನಡ ಮೀಡಿಯಂ ಹುಡುಗರಿಗೆ ಇದು ಆಗುತ್ತಾ?

ಪಿಯುಸಿ, ಬಿ.ಕಾಂ. ತೊಂದರೆಯಿಲ್ಲ. ಸಿಎ ಪರೀಕ್ಷೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬೇಕು, ಕನ್ನಡದ ಆಯ್ಕೆ ಇಲ್ಲ. ಹಾಗಂತ ಕಾದಂಬರಿ ಓದುವಷ್ಟು ಇಂಗ್ಲಿಷ್ ಬೇಕಿಲ್ಲ. ಮುನ್ನೂರು-ನಾನೂರು ಪದಗಳ ಪೆಟ್ಟಿಗೆ ಅದು. ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೆದುಕೊಳ್ಳಿ: ತಾಳೆಪಟ್ಟಿ – ಟ್ರಯಲ್ ಬ್ಯಾಲೆನ್ಸ್, ಅಢಾವೆ ಪತ್ರಿಕೆ – ಬ್ಯಾಲೆನ್ಸ್ ಶೀಟ್, ಸವಕಳಿ – ಡಿಪ್ರಿಸಿಯೇಶನ್, ಖಾತಾವಹಿ – ಲೆಡ್ಜರ್. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಡಗಡೆ ನೋಡುವ ಅಭ್ಯಾಸ ತಾನಾಗಿ ಬಿಟ್ಟುಹೋಗುತ್ತದೆ. ನಿಜಕ್ಕೂ ಕಷ್ಟವಾಗುವುದು ಕಾನೂನಿನ ಪತ್ರಿಕೆ. ಅಲ್ಲಿ ವಾಕ್ಯ ಕಟ್ಟಬೇಕು. ಅದಕ್ಕೆ ದಿನಕ್ಕೊಂದು ಉತ್ತರ ಕೈಯಲ್ಲಿ ಬರೆದು ತಿದ್ದಿಸಿಕೊಳ್ಳುವುದೊಂದೇ ದಾರಿ.

ಟ್ಯಾಲಿ ಕಲಿತ್ರೆ ಕೆಲಸ ಸಿಗುತ್ತೆ. ಮೂರು ವರ್ಷ ಬಿ.ಕಾಂ. ಯಾಕೆ ದಂಡ?

ಕೆಲಸ ಸಿಗುತ್ತದೆ, ಸುಳ್ಳಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಬಿಲ್ ಹೊಡೆಯುವ ಕೆಲಸಕ್ಕೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರನ್ನು ಮೂರು ತಿಂಗಳು ಕಲಿತರೆ ಸಾಕು. ಎಫ್5 ಒತ್ತಿದರೆ ಪಾವತಿ, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಇಷ್ಟು ಒಂದು ವಾರದಲ್ಲಿ ಬೆರಳಿಗೆ ಬರುತ್ತದೆ.

ಆದರೆ ಯಾವ ಖಾತೆಗೆ ಹಾಕಬೇಕು ಎಂದು ಟ್ಯಾಲಿ ಹೇಳುವುದಿಲ್ಲ. ಅಂಗಡಿಗೆ 45,000 ಕೊಟ್ಟು ರೋಲಿಂಗ್ ಶಟರ್ ಹಾಕಿಸಿದರು. ಅದು ರಿಪೇರಿ ಖರ್ಚೋ, ಆಸ್ತಿಯೋ? ಹಳೆಯ ಶಟರಿನ ಸ್ಪ್ರಿಂಗ್ ಬದಲಿಸಿದರೆ ರಿಪೇರಿ, ಮೊತ್ತವೂ ಚಿಕ್ಕದು. ಹೊಸ ಶಟರ್ ಆದರೆ ಆಸ್ತಿ, ವರ್ಷ ವರ್ಷ ಸವಕಳಿ (ಬಳಸಿದಂತೆ ಕುಗ್ಗುವ ಬೆಲೆ) ತೆಗೆಯಬೇಕು. ಎರಡನ್ನೂ ಟ್ಯಾಲಿ ಒಂದೇ ನಗುಮುಖದಿಂದ ಸ್ವೀಕರಿಸುತ್ತದೆ. ಟ್ಯಾಲಿ ಮಾತ್ರ ಗೊತ್ತಿದ್ದವರು ಬಿಲ್ ಕೌಂಟರಿನಲ್ಲೇ ಉಳಿಯುವುದು ಇದೇ ಕಾರಣಕ್ಕೆ. ಬಿ.ಕಾಂ. ಮಾಡಿಯೂ ಟ್ಯಾಲಿ ಮುಟ್ಟದವರಿಗೆ ಮೊದಲ ಕೆಲಸವೇ ಸಿಗುವುದಿಲ್ಲ, ಅದೂ ಅಷ್ಟೇ ನಿಜ. ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಟ್ಯಾಲಿ ಮುಗಿಸಿಕೊಳ್ಳುವುದು ಒಳ್ಳೆಯದು.

ಗ್ರಾಮ ಲೆಕ್ಕಿಗ ಹುದ್ದೆಗೆ ಅಕೌಂಟ್ಸ್ ಓದಿರಬೇಕಲ್ವಾ?

ಬೇಡ. ಹೆಸರು ದಾರಿ ತಪ್ಪಿಸುತ್ತದೆ. ಅದು ಕಂದಾಯ ಇಲಾಖೆಯ ಹುದ್ದೆ: ಪಹಣಿ, ಪೋತಿ ಖಾತೆ, ಜಾತಿ-ಆದಾಯ ಪ್ರಮಾಣಪತ್ರದ ವರದಿ. ಹಿಂದೆ ಶಾನುಭೋಗರು ನೋಡಿಕೊಳ್ಳುತ್ತಿದ್ದ ಕೆಲಸ ಅದು, ಈಗ ಹುದ್ದೆಯ ಹೆಸರೇ ಗ್ರಾಮ ಆಡಳಿತ ಅಧಿಕಾರಿ. ಅಕೌಂಟ್ಸ್ ಓದು ಕೈಹಿಡಿಯುವ ಸರ್ಕಾರಿ ಕೆಲಸ ಬೇಕೆಂದರೆ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ, ಸಹಕಾರ ಸಂಘಗಳ ಲೆಕ್ಕಪರಿಶೋಧನಾ ಇಲಾಖೆ, ಖಜಾನೆ, ಪಂಚಾಯಿತಿಗಳ ಲೆಕ್ಕ ಸಹಾಯಕ ಹುದ್ದೆಗಳ ಅಧಿಸೂಚನೆ ನೋಡುತ್ತಿರಿ.

## ಓದುವಾಗ

ಡೆಬಿಟ್ ಅಂದ್ರೆ ದುಡ್ಡು ಹೋಗೋದು, ಕ್ರೆಡಿಟ್ ಅಂದ್ರೆ ಬರೋದು. ಬ್ಯಾಂಕ್ ಮೆಸೇಜಲ್ಲೂ ಹಾಗೇ ಬರುತ್ತೆ. ಮೇಷ್ಟ್ರು ಯಾಕೆ ಉಲ್ಟಾ ಹೇಳ್ತಾರೆ?

ಮೇಷ್ಟ್ರು ಹೇಳುವುದೂ ಸರಿ, ಬ್ಯಾಂಕಿನ ಮೆಸೇಜೂ ಸರಿ. ಪುಸ್ತಕ ಯಾರದ್ದು ಎನ್ನುವುದಷ್ಟೇ ಬೇರೆ.

ನೀವು 10,000 ರೂಪಾಯಿ ನಗದು ತೆಗೆದುಕೊಂಡು ಹೋಗಿ ಬ್ಯಾಂಕಿಗೆ ಕಟ್ಟಿದಿರಿ ಅನ್ನಿ. ನಿಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್ 10,000, ನಗದು ಖಾತೆ ಕ್ರೆಡಿಟ್ 10,000. ಬ್ಯಾಂಕ್ ನಿಮಗೆ ಅಷ್ಟು ಕೊಡಬೇಕಾಯಿತು, ಅದು ನಿಮ್ಮ ಆಸ್ತಿ, ಆಸ್ತಿ ಹೆಚ್ಚಾದರೆ ಡೆಬಿಟ್. ಕೌಂಟರಿನ ಆಚೆ ಕೂತವರ ಪುಸ್ತಕದಲ್ಲಿ ನಗದು ಖಾತೆ ಡೆಬಿಟ್, ನಿಮ್ಮ ಹೆಸರಿನ ಖಾತೆ ಕ್ರೆಡಿಟ್. ಅವರಿಗೆ ನೀವು ಸಾಲ ಕೊಟ್ಟವರು, ಸಾಲ ಹೆಚ್ಚಾದರೆ ಕ್ರೆಡಿಟ್. ಮೊಬೈಲಿಗೆ ಬರುವ ಮೆಸೇಜು, ಪಾಸ್‌ಬುಕ್ಕು ಎರಡೂ ಬ್ಯಾಂಕಿನ ಖಾತಾವಹಿಯಿಂದ ಹರಿದ ಹಾಳೆ, ನಿಮ್ಮದಲ್ಲ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಗೊಂದಲವೂ ಇದೆ. ಡೆಬಿಟ್‌ಗೆ 'ಖರ್ಚು', ಕ್ರೆಡಿಟ್‌ಗೆ 'ಜಮಾ' ಎನ್ನುವ ರೂಢಿ ಪಠ್ಯಗಳಲ್ಲಿದೆ. ಮನೆಯಲ್ಲಿ ಅಜ್ಜ ಬರೆಯುತ್ತಿದ್ದ ಕಿರ್ದಿಯಲ್ಲಿ ಜಮಾ ಎಂದರೆ ಬಂದ ಹಣ, ಖರ್ಚು ಎಂದರೆ ಹೋದ ಹಣ. ಆ ಅರ್ಥವನ್ನೇ ಇಟ್ಟುಕೊಂಡು ಪಠ್ಯ ಓದಿದರೆ "ನಗದು ಬಂದರೆ ನಗದು ಖಾತೆಗೆ ಖರ್ಚು" ಎನ್ನುವ ಸಾಲು ಹುಚ್ಚುತನದಂತೆ ಕಾಣುತ್ತದೆ. ಮೊದಲ ಆರು ತಿಂಗಳು ಖರ್ಚು-ಜಮಾ ಬಿಟ್ಟು 'ಎಡ' 'ಬಲ' ಎಂದೇ ಹೇಳಿಕೊಳ್ಳಿ. ಆಸ್ತಿ, ಖರ್ಚು ಹೆಚ್ಚಾದರೆ ಎಡ. ಸಾಲ, ಬಂಡವಾಳ, ಆದಾಯ ಹೆಚ್ಚಾದರೆ ಬಲ. ಕಡಿಮೆಯಾದರೆ ತಿರುಗಾಮುರುಗಾ. ಈ ಎರಡು ಪಕ್ಕದ ಪದ್ಧತಿಯನ್ನು ಲೂಕಾ ಪಚೋಲಿ ಎಂಬ ಇಟಲಿಯ ಸನ್ಯಾಸಿ 1494ರಲ್ಲಿ ಅಚ್ಚಿನಲ್ಲಿ ವಿವರಿಸಿದ. ಹಾಗಂತ ಅದಕ್ಕೂ ಮೊದಲು ಲೆಕ್ಕವೇ ಇರಲಿಲ್ಲ ಎಂದುಕೊಳ್ಳಬೇಡಿ, ಅಲ್ಲಿನ ವ್ಯಾಪಾರಿಗಳು ಬಳಸುತ್ತಿದ್ದದ್ದನ್ನೇ ಅವನು ಬರೆದಿಟ್ಟ. ನಮ್ಮಲ್ಲಿ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯನ್ನು ಮಡಿಚಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ತೆರೆಯುತ್ತಾರೆ. ಆಫೀಸಿನಲ್ಲಿ ಫೈಲಿಗೆ ನಾವು ಹೇಳುವ ಪದವೂ ಅಲ್ಲಿಂದಲೇ ಬಂದದ್ದು.

ತಾಳೆಪಟ್ಟಿ ತಾಳೆ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತ ತಾನೇ?

ತಾಳೆಪಟ್ಟಿ ಎಂದರೆ ಎಲ್ಲ ಖಾತೆಗಳ ಬಾಕಿಯನ್ನು ಎಡ-ಬಲ ಬರೆದ ಪಟ್ಟಿ. ತಾಳೆ ಆಯಿತು ಎಂದರೆ ಎರಡು ಪಕ್ಕದ ಮೊತ್ತ ಸಮ ಇದೆ ಎಂದಷ್ಟೇ. ಒಂದು ಬಿಲ್ ಬರೆಯದೇ ಬಿಟ್ಟರೂ ತಾಳೆ ಆಗುತ್ತದೆ. ಟ್ರ್ಯಾಕ್ಟರ್ ರಿಪೇರಿಯನ್ನು ಟ್ರ್ಯಾಕ್ಟರ್ ಖಾತೆಗೇ ಹಾಕಿದರೂ, ರಾಮಣ್ಣನ ಬಾಕಿಯನ್ನು ರಾಮಪ್ಪನ ಹೆಸರಿಗೆ ಬರೆದರೂ, 7,200 ಎಂಬುದನ್ನು ಎರಡೂ ಕಡೆ 2,700 ಎಂದು ಹೊಡೆದರೂ ತಾಳೆಯೇ.

ಕೈಬರಹದ ಲೆಕ್ಕದಲ್ಲಿ ತಾಳೆ ಆಗದಿದ್ದರೆ ವ್ಯತ್ಯಾಸದ ಅಂಕಿಯನ್ನೇ ಮೊದಲು ನೋಡಿ. 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು: 5,460 ಬದಲು 5,640 ಬರೆದರೆ ವ್ಯತ್ಯಾಸ 180, ಅಂದರೆ 9ರ ಇಪ್ಪತ್ತು ಪಟ್ಟು. 2,500 ವ್ಯತ್ಯಾಸ ಬಂದರೆ ಅದರ ಅರ್ಧ 1,250 ಎಲ್ಲಾದರೂ ತಪ್ಪು ಪಕ್ಕಕ್ಕೆ ಕೂತಿದೆಯೇ ಹುಡುಕಿ. ಟ್ಯಾಲಿಯಲ್ಲಿ ಎರಡೂ ಕಡೆ ಸಮ ಆಗದೆ ವೋಚರ್ ಸೇವ್ ಆಗುವುದೇ ಇಲ್ಲ, ಹಾಗಾಗಿ ತಾಳೆಪಟ್ಟಿ ಯಾವಾಗಲೂ ತಾಳೆ. ಮೇಲೆ ಹೇಳಿದ ಮರೆವು, ಅದಲುಬದಲು, ತಪ್ಪು ಖಾತೆಗಳೆಲ್ಲ ಅದರ ಹೊಟ್ಟೆಯೊಳಗೆ ಹಾಯಾಗಿ ಮಲಗಿರುತ್ತವೆ. 9ರ ಉಪಾಯ ಈಗ ಹೆಚ್ಚು ಕೆಲಸಕ್ಕೆ ಬರುವುದು ಪಾರ್ಟಿ ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವಾಗ.

ಸಿಎ ಆಗೋಕೆ ಹತ್ತು ವರ್ಷ ಬೇಕಂತೆ, ಬೆಂಗಳೂರಿಗೇ ಹೋಗಬೇಕಂತೆ. ಹೌದಾ?

2023ರಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ, ಎಲ್ಲವೂ ಮೊದಲ ಸಲಕ್ಕೇ ಪಾಸಾದರೆ, ಪಿಯುಸಿ ನಂತರ ಸುಮಾರು ಮೂರೂವರೆ ವರ್ಷ. ಫೌಂಡೇಶನ್‌ಗೆ ನಾಲ್ಕು ಪತ್ರಿಕೆ. ಅದಾದ ಮೇಲೆ ಎಂಟು ತಿಂಗಳ ಓದು, ಇಂಟರ್‌ಮೀಡಿಯೇಟ್‌ನ ಆರು ಪತ್ರಿಕೆ, ಮೂರು ಮೂರರ ಎರಡು ಗ್ರೂಪ್. ಎರಡೂ ಗ್ರೂಪ್ ಮುಗಿಸಿ, ಐಟಿ ಮತ್ತು ಓರಿಯೆಂಟೇಶನ್ ತರಬೇತಿ ಮುಗಿಸಿ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು (ಮೊದಲು ಮೂರಿತ್ತು). ಅದು ಮುಗಿದು ಆರು ತಿಂಗಳಿಗೆ ಫೈನಲ್, ಮತ್ತೆ ಆರು ಪತ್ರಿಕೆ. ಬಿ.ಕಾಂ.ನಲ್ಲಿ ಶೇ. 55 ಬಂದಿದ್ದರೆ, ಬೇರೆ ಪದವಿಯಲ್ಲಿ ಶೇ. 60 ಬಂದಿದ್ದರೆ, ಫೌಂಡೇಶನ್ ಬೇಕಿಲ್ಲ, ನೇರ ಇಂಟರ್.

ವರ್ಷಗಳು ಎಳೆಯುವುದು ಎಲ್ಲಿ ಎಂದರೆ ಪಾಸಾಗುವ ನಿಯಮದಲ್ಲಿ. ಪ್ರತಿ ಪತ್ರಿಕೆಗೆ 40, ಜೊತೆಗೆ ಗ್ರೂಪಿನ ಒಟ್ಟು ಶೇ. 50. ಗ್ರೂಪಿನ ಮೂರರಲ್ಲೂ 45 ಬಂದರೆ ಫೇಲ್. 58, 57, 38 ಬಂದರೂ ಫೇಲ್, ಒಟ್ಟು 153 ಇದ್ದರೂ. ಒಂದರಲ್ಲಿ 60 ಅಥವಾ ಹೆಚ್ಚು ಬಂದರೆ ಆ ಪತ್ರಿಕೆಗೆ ಮುಂದಿನ ಮೂರು ಸಲ ವಿನಾಯಿತಿ. ಹಾಗಾಗಿ ಬಲವಾದ ವಿಷಯವನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಹೆದರಿಕೆಯ ಪತ್ರಿಕೆಯನ್ನು 40ರ ಮೇಲೆ ಎತ್ತುವುದು ಬುದ್ಧಿವಂತಿಕೆ. ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ.

ಊರಿನ ಮಾತು. ಓದುವ ಸಾಮಗ್ರಿ ಪೂರ್ತಿ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯ (ಐಸಿಎಐ) ಜಾಲತಾಣದಲ್ಲಿ ಉಚಿತ. ಕೋಚಿಂಗ್ ಆನ್‌ಲೈನ್ ಆಗಿದೆ, ಬೇಕಾದವರು ಮೈಸೂರು, ಮಂಗಳೂರು, ಮೂಡುಬಿದಿರೆಗೆ ಹೋಗುತ್ತಾರೆ. ಆರ್ಟಿಕಲ್‌ಶಿಪ್ ಬಗ್ಗೆ ನಮ್ಮ ಅಭಿಪ್ರಾಯ ಹೇಳುವುದಾದರೆ, ಇಲ್ಲಿನ ಸಣ್ಣ ಫರ್ಮಿನಲ್ಲಿ ಒಂದೇ ವರ್ಷದಲ್ಲಿ ಸಹಕಾರ ಸಂಘ, ರೈಸ್ ಮಿಲ್, ಕಾಫಿ ವ್ಯಾಪಾರ, ಟ್ರಸ್ಟ್, ಶಾಲೆ ಎಲ್ಲದರ ಕಡತ ಮೊದಲಿನಿಂದ ಕೊನೆಯವರೆಗೆ ಕೈಗೆ ಸಿಗುತ್ತದೆ. ಬೆಂಗಳೂರಿನ ದೊಡ್ಡ ಫರ್ಮಿನಲ್ಲಿ ಆರು ತಿಂಗಳು ಒಂದೇ ಕಂಪನಿಯ ಸ್ಥಿರಾಸ್ತಿ ಪಟ್ಟಿಯ ಮುಂದೆ ಕೂರಬೇಕಾಗಬಹುದು. ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಕಂಪನಿಯ ಆಡಿಟ್ ಕಲಿಯಬೇಕೆಂದರೆ ಮಾತ್ರ ಅಲ್ಲಿಗೆ ಹೋಗಲೇಬೇಕು.

## ಕೆಲಸಕ್ಕೆ ಸೇರಿದ ಮೇಲೆ

ಅಕೌಂಟೆಂಟ್, ಆಡಿಟರ್, ಸಿಎ ಎಲ್ಲಾ ಒಂದೇ ಅಲ್ವಾ?

ನಮ್ಮ ಕಡೆ ರಿಟರ್ನ್ ಹಾಕಿಕೊಡುವವರೆಲ್ಲ 'ಆಡಿಟರು'. ನಿಜದಲ್ಲಿ ಲೆಕ್ಕ ಬರೆಯುವವರು ಅಕೌಂಟೆಂಟ್, ಬರೆದದ್ದನ್ನು ಸಾಕ್ಷಿ ಸಮೇತ ಪರೀಕ್ಷಿಸಿ ಸಹಿ ಮಾಡುವವರು ಆಡಿಟರ್. ಕಂಪನಿಯ ಆಡಿಟ್‌ಗೆ, ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್‌ಗೆ ಸಹಿ ಮಾಡುವ ಹಕ್ಕು ಪ್ರಾಕ್ಟೀಸಿನಲ್ಲಿರುವ ಸಿಎಗೆ ಮಾತ್ರ. ಜಿಎಸ್‌ಟಿ ರಿಟರ್ನ್ ತುಂಬುವುದಕ್ಕೆ ಸಿಎ ಆಗಬೇಕಿಲ್ಲ. ತಾನು ಬರೆದ ಲೆಕ್ಕವನ್ನು ತಾನೇ ಆಡಿಟ್ ಮಾಡುವಂತೆಯೂ ಇಲ್ಲ.

ಮಾರ್ಚಲ್ಲಿ ಒಂದು ತಿಂಗಳು ಕೆಲಸ, ಮಿಕ್ಕಿದ್ದು ಆರಾಮ. ಹಂಗಲ್ವಾ?

ತಿಂಗಳ ಕ್ಯಾಲೆಂಡರ್ ನೋಡಿ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ರಿಟರ್ನ್. 14ಕ್ಕೆ 2ಬಿ (ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, ಖರೀದಿ ಬಿಲ್ಲುಗಳನ್ನು ಅದರ ಜೊತೆ ತಾಳೆ ನೋಡಬೇಕು. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ 3ಬಿ, ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್. ಇದರ ನಡುವೆ ತೋಟಗಳಿಗೆ ವಾರದ ಬಟವಾಡೆ. ಈ ಸೀಮೆಯಲ್ಲಿ ನಿಜವಾದ ಒತ್ತಡ ಕೊಯ್ಲಿನದ್ದು: ನವೆಂಬರಿನಿಂದ ಅರೇಬಿಕಾ, ಹಿಂದೆಯೇ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಮಾರ್ಚ್ ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಸಣ್ಣ ತಪ್ಪಿಗೆ ದೊಡ್ಡ ಪೆಟ್ಟು ಬೀಳುವ ಜಾಗ ಜಿಎಸ್‌ಟಿ ನಂಬರು. ಅದು 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು, ನಂತರದ ಹತ್ತು ಅಕ್ಷರ ಗಿರಾಕಿಯ ಪ್ಯಾನ್. ಬಿಲ್ಲಿನಲ್ಲಿ ಬೇರೊಬ್ಬರ ನಂಬರು ಬಿದ್ದರೆ ತೆರಿಗೆ ಕೊಟ್ಟ ಗಿರಾಕಿಯ 2ಬಿಯಲ್ಲಿ ಆ ಬಿಲ್ಲೇ ಕಾಣುವುದಿಲ್ಲ. ಮೂರು ತಿಂಗಳಾದ ಮೇಲೆ ಅವರು ಅಂಗಡಿಗೆ ಬಂದು ಕೂತಾಗ ಗೊತ್ತಾಗುತ್ತದೆ.

ನಮ್ಮ ಪುಸ್ತಕದಲ್ಲಿ 84,300 ಇದೆ, ಬ್ಯಾಂಕಲ್ಲಿ 1,02,150 ಇದೆ. ವ್ಯತ್ಯಾಸಕ್ಕೆ ಒಂದು ಎಂಟ್ರಿ ಹಾಕಿ ಸರಿ ಮಾಡಬಹುದಾ?

ಖಂಡಿತ ಕೂಡದು. ಹೊಸಬರು ಮಾಡುವ ತಪ್ಪುಗಳಲ್ಲಿ ಇದರಷ್ಟು ದುಬಾರಿ ಇನ್ನೊಂದಿಲ್ಲ. ಸ್ಟೇಟ್‌ಮೆಂಟ್ ಮತ್ತು ಬ್ಯಾಂಕ್ ಪುಸ್ತಕ ಅಕ್ಕಪಕ್ಕ ಇಟ್ಟು, ಎರಡೂ ಕಡೆ ಇರುವುದಕ್ಕೆ ಪೆನ್ಸಿಲ್ ಗುರುತು ಹಾಕುತ್ತಾ ಬನ್ನಿ. ಗುರುತು ಬೀಳದೆ ಉಳಿದದ್ದೇ ಉತ್ತರ. ಈ ಲೆಕ್ಕದಲ್ಲಿ ಉಳಿದದ್ದು ಮೂರು ಅನ್ನಿ: ನೀವು ಕೊಟ್ಟ 15,000ದ ಚೆಕ್ ಅವರು ಇನ್ನೂ ಹಾಕಿಲ್ಲ, ಬ್ಯಾಂಕ್ 590 ಶುಲ್ಕ ಹಿಡಿದಿದೆ (500, ಮೇಲೆ ಶೇ. 18 ಜಿಎಸ್‌ಟಿ), ಒಬ್ಬ ಗಿರಾಕಿ ಯುಪಿಐಯಲ್ಲಿ ಹಾಕಿದ 3,440 ನೀವು ಬರೆದಿಲ್ಲ. ಕೊನೆಯ ಎರಡಕ್ಕೆ ಎಂಟ್ರಿ ಹಾಕಿ, ನಿಮ್ಮ ಪುಸ್ತಕ 87,150 ಆಗುತ್ತದೆ. ಉಳಿದ 15,000 ವ್ಯತ್ಯಾಸ ಚೆಕ್ಕಿನದ್ದು, ಅದಕ್ಕೆ ಎಂಟ್ರಿ ಬೇಡ, ಪಟ್ಟಿಯಲ್ಲಿ ತೋರಿಸಿದರೆ ಸಾಕು. ವ್ಯತ್ಯಾಸ 17,850ಕ್ಕೆ ಒಂದೇ ಎಂಟ್ರಿ ಹೊಡೆದಿದ್ದರೆ ಆ ಗಿರಾಕಿಯ ಬಾಕಿ ಹಾಗೇ ನಿಂತಿರುತ್ತಿತ್ತು, ಕೊಟ್ಟವನನ್ನೇ ಮತ್ತೆ ಕೇಳಿ ಬೈಸಿಕೊಳ್ಳುತ್ತಿದ್ದಿರಿ.

ಆರು ಲಕ್ಷ ಲಾಭ ಅಂತೀರ, ಬ್ಯಾಂಕಲ್ಲಿ ದುಡ್ಡೇ ಇಲ್ಲ. ಲೆಕ್ಕ ತಪ್ಪಲ್ವಾ?

ಬೇಲೂರು ಕಡೆಯ ಒಂದು ಗೊಬ್ಬರದ ಅಂಗಡಿ ಎಂದುಕೊಳ್ಳಿ. ಲಾಭ 6,00,000. ಸವಕಳಿ 80,000 ಕಳೆದ ಮೇಲಿನ ಲಾಭ ಅದು, ಆ ಹಣ ಕೈಬಿಟ್ಟು ಹೋಗಿಲ್ಲ, ಸೇರಿಸಿ. ಕಂಪನಿಗೆ ಕೊಡಬೇಕಾದ ಬಾಕಿ 2,00,000 ಹೆಚ್ಚಾಗಿದೆ, ಅದನ್ನೂ ಸೇರಿಸಿ: 8,80,000. ಈಗ ಹೋದದ್ದು. ಬೆಳೆಗಾರರು ಕಾಫಿ ಮಾರಿದ ಮೇಲೆ ಕೊಡುತ್ತೇವೆಂದು ಉದ್ರಿ ಒಯ್ದದ್ದು ಕಳೆದ ವರ್ಷಕ್ಕಿಂತ 3,50,000 ಜಾಸ್ತಿ. ಗೋದಾಮಿನ ಮಾಲು 1,50,000 ಜಾಸ್ತಿ. ಗೂಡ್ಸ್ ಗಾಡಿಗೆ ಮುಂಗಡ 2,00,000, ಸಾಲದ ಅಸಲು 1,20,000, ಮನೆ ಖರ್ಚಿಗೆ ತೆಗೆದದ್ದು 3,00,000. ಒಟ್ಟು 11,20,000. ಲಾಭ ಬಂದ ವರ್ಷವೇ ಬ್ಯಾಂಕಿನಲ್ಲಿ 2,40,000 ಕಡಿಮೆಯಾಯಿತು. ಲೆಕ್ಕ ಸರಿಯಿದೆ. ಯಜಮಾನರಿಗೆ ತೋರಿಸಬೇಕಾದದ್ದು ಉದ್ರಿ ಪಟ್ಟಿ, ಯಾರದ್ದು ಎಷ್ಟು ದಿನದಿಂದ ಎಂದು.

ಕಾಫಿ ತೋಟಕ್ಕೆ ತೆರಿಗೆನೇ ಇಲ್ಲ. ಅಕೌಂಟೆಂಟ್ ಯಾಕೆ ಬೇಕು?

ಚೆರಿಯನ್ನೋ (ಇಡೀ ಕಾಫಿ ಹಣ್ಣು) ಪಾರ್ಚ್‌ಮೆಂಟನ್ನೋ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ) ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಸ್ವಂತ ಬೆಳೆಯನ್ನು ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ, ವಿಂಗಡಿಸಿ) ಮಾರಿದರೆ ಬಂದ ಆದಾಯದ ಶೇ. 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40. 1962ರ ಆದಾಯ ತೆರಿಗೆ ನಿಯಮಗಳಲ್ಲಿ 7ಬಿ ಎಂದು ಬಂದದ್ದು ಇದೇ. ಖರ್ಚು ಕಳೆದು 20 ಲಕ್ಷ ಉಳಿದರೆ ಕ್ಯೂರಿಂಗ್‌ನವರಿಗೆ 5 ಲಕ್ಷ, ಪುಡಿಯವರಿಗೆ 8 ಲಕ್ಷ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದೇ ತೋಟದೊಳಗಿನ ಹೋಂಸ್ಟೇ ಆದಾಯ ಕೃಷಿಯದ್ದಲ್ಲವೇ ಅಲ್ಲ, ಕಿಟಕಿಯಿಂದ ಕಾಫಿ ಗಿಡ ಕಂಡರೂ.

ತೆರಿಗೆಯಾಚೆಗೂ ಕೆಲಸ ಇದೆ. ಹಳೆ ಗಿಡ ಕಿತ್ತು ಹೊಸದು ನೆಟ್ಟರೆ ಫಸಲು ಬರಲು ಮೂರು-ನಾಲ್ಕು ವರ್ಷ. ಗುಂಡಿ, ಸಸಿ, ಆ ತಾಕಿಗೆ ಹಾಕಿದ ಆಳು, ಗೊಬ್ಬರ ಎಲ್ಲವೂ ಅಲ್ಲಿಯವರೆಗೆ ಆಸ್ತಿಯಾಗಿ ಕೂಡುತ್ತಾ ಹೋಗಬೇಕು, ಫಸಲು ಶುರುವಾದ ಮೇಲೆ ಮಾಡಿದ್ದು ಆಯಾ ವರ್ಷದ ಖರ್ಚು. ತೋಟದ ರೈಟರ್ ಬರೆಯುವ ಚೆಕ್‌ರೋಲ್‌ನಲ್ಲಿ (ಆಳುಗಳ ಹಾಜರಿ ಪುಸ್ತಕ) ಆಳು ಯಾವ ತಾಕಿನಲ್ಲಿದ್ದ ಎಂದು ಬರೆದಿರದಿದ್ದರೆ ವರ್ಷದ ಕೊನೆಗೆ ಈ ವಿಂಗಡಣೆ ಯಾರಿಂದಲೂ ಆಗದು.

ಎಐ ಬಂತು, ಇನ್ನು ಅಕೌಂಟೆಂಟ್ ಬೇಡ ಅಂತಾರೆ.

ಬಿಲ್ ಓದಿ ಟೈಪ್ ಮಾಡುವ ಕೆಲಸ ಕಮ್ಮಿಯಾಗುತ್ತಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ 60 ಮೂಟೆ ಸಿಮೆಂಟಿನ ಬಿಲ್ಲು ಕೈಗೆ ಬಂದಾಗ ಅದು ಕಾಫಿ ಒಣಗಿಸುವ ಕಣಕ್ಕೆ ಹೋಯಿತೋ ಯಜಮಾನರ ಮನೆ ಮಹಡಿಗೆ ಹೋಯಿತೋ ಬಿಲ್ಲಿನಲ್ಲಿ ಬರೆದಿರುವುದಿಲ್ಲ. ಕಣಕ್ಕಾದರೆ ಆಸ್ತಿ, ಮನೆಗಾದರೆ ಯಜಮಾನರ ಸ್ವಂತ ಹಿಂತೆಗೆತ. ಫೋನ್ ಮಾಡಿ ಕೇಳಲೇಬೇಕು.

ಯಜಮಾನ್ರು ಎಂಟ್ರಿ ಅಳಿಸು, ನಗದು ವೋಚರ್ ಎರಡು ಮಾಡು ಅಂದ್ರೆ ಏನ್ ಮಾಡ್ಲಿ?

ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಬಿದ್ದುಹೋಗುತ್ತದೆ. 9,000ದ ಎರಡು ವೋಚರ್ ಮಾಡಿದರೂ ಅದೇ ದಿನ ಅದೇ ಮನುಷ್ಯನಿಗಾದರೆ ಕಾನೂನು ಎರಡನ್ನೂ ಕೂಡಿಸಿಯೇ ನೋಡುತ್ತದೆ, ಉಪಯೋಗವಿಲ್ಲ. ಬೆಳೆದ ರೈತನಿಂದಲೇ ಕೃಷಿ ಉತ್ಪನ್ನ ಕೊಂಡರೆ ವಿನಾಯಿತಿ ಇದೆ, ಅದನ್ನು ಸರಿಯಾಗಿ ಬಳಸಿಕೊಳ್ಳಲು ಹೇಳಿ. ಕಂಪನಿಯಾಗಿದ್ದರೆ 1 ಏಪ್ರಿಲ್ 2023ರಿಂದ ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿಯ ದಾಖಲೆ ಕಡ್ಡಾಯ: ಯಾವ ಎಂಟ್ರಿ, ಯಾವಾಗ, ಯಾರ ಲಾಗಿನ್‌ನಲ್ಲಿ ಬದಲಾಯಿತು ಎಂದು ಉಳಿಯುತ್ತದೆ. ಮಾಲಿಲ್ಲದ ಬಿಲ್ಲಿನ ಮಾತು ಬಂದರೆ ಸೀದಾ ಇಲ್ಲ ಎನ್ನಿ, ಜಿಎಸ್‌ಟಿಯಲ್ಲಿ ತೆರಿಗೆಯಷ್ಟೇ ಮೊತ್ತದ ದಂಡ ಬೀಳುವ ಅಪರಾಧ ಅದು.

ತಪ್ಪಾದ ಎಂಟ್ರಿಯನ್ನು ಅಳಿಸುವ ಬದಲು ಇನ್ನೊಂದು ಜರ್ನಲ್ ಹಾಕಿ ಸರಿಪಡಿಸಿ, ವಿವರದಲ್ಲಿ ಹಳೆ ವೋಚರ್ ನಂಬರು ಬರೆಯಿರಿ. ಯಜಮಾನರು ಹೇಳಿದ ಬದಲಾವಣೆಯನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಿಮ್ಮ ಲಾಗಿನ್ ಪಾಸ್‌ವರ್ಡು ಮಾನಿಟರಿನ ಕೆಳಗೆ ಚೀಟಿಯಲ್ಲಿ ಅಂಟಿಸಿದ್ದರೆ ಇವತ್ತೇ ಕಿತ್ತುಹಾಕಿ.